ಬೀಗ ಯಾರ ಕೈಯಲ್ಲಿ, ಎಷ್ಟು ದಿನ?

ಇಂದಿನ ಚಿಂತನೆಗೆ ತೀರಾ ಮನೆಯೊಳಗಿನ ಒಂದು ವಿಷಯ ತೆಗೆದುಕೊಂಡಿದ್ದೇನೆ. ಮನೆಯಲ್ಲಿರುವ ಹಳೆಯ ಕಂಪ್ಯೂಟರನ್ನು ಎಲ್ಲರೂ ಬಳಸುತ್ತಾರೆ. ಅದರಲ್ಲಿ ಯಾರಿಗೆ ಎಷ್ಟು ಅನುಮತಿ ಕೊಡಬೇಕು, ಯಾರಿಗೆ ಯಾವ ನಿರ್ಬಂಧ ಹಾಕಬೇಕು?

ಇದು ಕಂಪ್ಯೂಟರ್ ರಿಪೇರಿಯವರ ಪ್ರಶ್ನೆ, ಧಮ್ಮಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ಆದರೆ ‘ನಿರ್ಬಂಧ’ ಎನ್ನುವುದು ನಮ್ಮ ಜನರಿಗೆ ಬರೀ ಒಂದು ಪದ ಅಲ್ಲ. ಯಾವ ಬಾವಿಯ ನೀರು ಮುಟ್ಟಬಾರದು, ಯಾವ ದಾರಿಯಲ್ಲಿ ಎಲ್ಲಿಯವರೆಗೆ ಹೋಗಬಹುದು, ಯಾರ ಅಂಗಳದಲ್ಲಿ ಎಷ್ಟು ದೂರ ನಿಲ್ಲಬೇಕು ಎಂಬ ಲೆಕ್ಕದಲ್ಲೇ ನಮ್ಮ ಹಿರಿಯರ ಆಯುಷ್ಯ ಕಳೆದಿದೆ. ಆ ನಿರ್ಬಂಧಗಳನ್ನು ಮುರಿದುಕೊಂಡು ಬಂದವರು ನಾವು. ಈಗ ನಮ್ಮ ಮನೆಯಲ್ಲಿ ನಾವೇ ಬೀಗ ಹಾಕುವ ಸ್ಥಾನದಲ್ಲಿದ್ದೇವೆ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾವು ಹಾಕುವ ಯಾವ ನಿರ್ಬಂಧ ಧಮ್ಮದ ಕಡೆಗೆ ಸೇರುತ್ತದೆ, ಯಾವುದು ಮನುವಿನ ಕಡೆಗೆ ಸೇರುತ್ತದೆ?

ಮೊದಲು ಯಂತ್ರದ ವಿಷಯ ಸ್ವಲ್ಪ ತಿಳಿದುಕೊಳ್ಳೋಣ. ನಮ್ಮ ಮನೆಗಳಲ್ಲಿ ಇರುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್. ಯಾವುದೋ ಕಚೇರಿಯವರು ಹೊಸದು ತರುವಾಗ ಹಳೆಯದನ್ನು ಮಾರಿರುತ್ತಾರೆ. ಅದರಲ್ಲಿ ಈಗಲೂ ವಿಂಡೋಸ್ 7 ಇರುವುದುಂಟು. ಅದರಲ್ಲಿ ಮೂರು ಬಗೆಯ ಖಾತೆಗಳು. ಒಂದು ಅಡ್ಮಿನಿಸ್ಟ್ರೇಟರ್. ಅವನು ಹೊಸ ಪ್ರೋಗ್ರಾಂ ಹಾಕಬಹುದು, ತೆಗೆಯಬಹುದು, ಬೇರೆಯವರ ಖಾತೆ ಅಳಿಸಬಹುದು, ಪಾಸ್‌ವರ್ಡ್ ಬದಲಾಯಿಸಬಹುದು. ಎರಡನೆಯದು ಸ್ಟ್ಯಾಂಡರ್ಡ್ ಯೂಸರ್. ಇವನು ತನ್ನ ಕೆಲಸವನ್ನೆಲ್ಲ ಮಾಡಿಕೊಳ್ಳಬಹುದು, ಆದರೆ ಇಡೀ ಯಂತ್ರಕ್ಕೆ ತಟ್ಟುವ ಬದಲಾವಣೆ ಮಾಡಬೇಕಾದರೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಮೂರನೆಯದು ಗೆಸ್ಟ್, ಅಂದರೆ ಬಂದು ಹೋಗುವ ನೆಂಟ. ಇದರ ಜೊತೆಗೆ ಪೇರೆಂಟಲ್ ಕಂಟ್ರೋಲ್ ಎಂಬ ವ್ಯವಸ್ಥೆಯೂ ಉಂಟು. ಮಕ್ಕಳು ದಿನದ ಯಾವ ಯಾವ ಗಂಟೆಯಲ್ಲಿ ಕಂಪ್ಯೂಟರ್ ತೆರೆಯಬಹುದು, ಯಾವ ಆಟ ಆಡಬಹುದು, ಯಾವ ಪ್ರೋಗ್ರಾಂ ಬಳಸಬಹುದು ಎಂದು ಅದರಲ್ಲಿ ನಿಗದಿ ಮಾಡಬಹುದು.

ಇದರಲ್ಲಿ ಎರಡು ಸಂಗತಿ ನನಗೆ ಮುಖ್ಯವಾಗಿ ಕಾಣುತ್ತವೆ. ಮೊದಲನೆಯದು, ಪೇರೆಂಟಲ್ ಕಂಟ್ರೋಲನ್ನು ಸ್ಟ್ಯಾಂಡರ್ಡ್ ಖಾತೆಗೆ ಮಾತ್ರ ಹಾಕಲು ಬರುತ್ತದೆ. ಅಡ್ಮಿನ್ ಖಾತೆಗೆ ಹಾಕಲು ಬರುವುದಿಲ್ಲ. ಬೀಗ ಹಾಕುವವನಿಗೆ ಬೀಗ ಇಲ್ಲ. ಅವನನ್ನು ತಡೆಯುವ ಶಕ್ತಿ ಯಂತ್ರಕ್ಕಿಲ್ಲ, ಅವನೇ ತನ್ನನ್ನು ತಡೆದುಕೊಳ್ಳಬೇಕು.

ಎರಡನೆಯದು ಇನ್ನೂ ಸ್ವಾರಸ್ಯ. ಕಂಪ್ಯೂಟರ್ ಸುರಕ್ಷತೆ ಬಲ್ಲವರು ಮನೆಯ ಯಜಮಾನನಿಗೂ ಒಂದು ಮಾತು ಹೇಳುತ್ತಾರೆ: ದಿನನಿತ್ಯದ ಕೆಲಸಕ್ಕೆ ನೀವೂ ಸ್ಟ್ಯಾಂಡರ್ಡ್ ಖಾತೆಯನ್ನೇ ಬಳಸಿ, ಅಗತ್ಯ ಬಿದ್ದಾಗ ಮಾತ್ರ ಅಡ್ಮಿನ್ ಪಾಸ್‌ವರ್ಡ್ ಹಾಕಿ. ಕಾರಣ ಸರಳ. ಕೆಟ್ಟ ಪ್ರೋಗ್ರಾಂ ಒಂದು ಒಳಗೆ ಬಂದರೆ, ಆ ಹೊತ್ತಿಗೆ ಕಂಪ್ಯೂಟರ್ ಮುಂದೆ ಕುಳಿತವನಿಗೆ ಎಷ್ಟು ಅಧಿಕಾರ ಉಂಟೋ ಅಷ್ಟು ಅಧಿಕಾರ ಅದಕ್ಕೂ ಸಿಗುತ್ತದೆ. ಯಜಮಾನನ ದೊಡ್ಡ ಅಧಿಕಾರವೇ ಮನೆಗೆ ದೊಡ್ಡ ಅಪಾಯ. 1975ರಲ್ಲಿ ಅಮೆರಿಕದ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ಇಬ್ಬರು ವಿಜ್ಞಾನಿಗಳು ಈ ತತ್ವವನ್ನು ಸ್ಪಷ್ಟವಾಗಿ ಬರೆದಿಟ್ಟರು. ಪ್ರತಿ ಪ್ರೋಗ್ರಾಂ, ಪ್ರತಿ ಬಳಕೆದಾರ ತನ್ನ ಕೆಲಸಕ್ಕೆ ಎಷ್ಟು ಅಧಿಕಾರ ಬೇಕೋ ಅಷ್ಟನ್ನೇ ಇಟ್ಟುಕೊಂಡು ಕೆಲಸ ಮಾಡಬೇಕು ಎಂಬುದು ಅದರ ಸಾರ.

ಇಲ್ಲಿ ಕಡಿಮೆ ಅಧಿಕಾರ ಎಂದರೆ ಕೀಳು ಎಂದು ಅರ್ಥವಿಲ್ಲ ಎಂಬುದನ್ನು ಗಮನಿಸಿ. ಹೆಚ್ಚು ತಿಳಿದವನೇ ತನ್ನ ಅಧಿಕಾರವನ್ನು ತಾನಾಗಿ ಕಡಿಮೆ ಮಾಡಿಕೊಳ್ಳುತ್ತಾನೆ. ಜಾತಿ ವ್ಯವಸ್ಥೆಯ ಲೆಕ್ಕ ಇದಕ್ಕೆ ಸರಿ ವಿರುದ್ಧ. ಅಲ್ಲಿ ಅನುಮತಿ ಎಂಬುದೇ ಮರ್ಯಾದೆ. ಮೇಲೆ ಹೋದಂತೆ ಅನುಮತಿ ಹೆಚ್ಚುತ್ತದೆ, ಕೆಳಗೆ ಬಂದಂತೆ ನಿರ್ಬಂಧ ಹೆಚ್ಚುತ್ತದೆ. ಬಾಬಾಸಾಹೇಬರು ಇದನ್ನೇ ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಆ ಏಣಿಯಲ್ಲಿ ಯಾರ ಮೆಟ್ಟಿಲು ಯಾವುದು ಎಂದು ಹುಟ್ಟುವಾಗಲೇ ತೀರ್ಮಾನ ಆಗಿರುತ್ತದೆ.

ಬಾಬಾಸಾಹೇಬರ ಬಾಲ್ಯದ ನೀರಿನ ಕಥೆ ನಮಗೆಲ್ಲ ಗೊತ್ತು. ಶಾಲೆಯಲ್ಲಿ ನಲ್ಲಿ ಇತ್ತು, ನೀರೂ ಇತ್ತು. ಆದರೆ ಅವರು ನಲ್ಲಿ ಮುಟ್ಟುವ ಹಾಗಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಅವನು ಇಲ್ಲದ ದಿನ ಬಾಯಾರಿಕೆ. ಸ್ಕ್ರೀನ್ ಮೇಲೆ ಅಡ್ಮಿನ್ ಪಾಸ್‌ವರ್ಡ್ ಕೇಳುವ ಚೌಕ ಬಂದಾಗಲೆಲ್ಲ ನನಗೆ ಆ ನಲ್ಲಿ ನೆನಪಾಗುತ್ತದೆ. ಎರಡೂ ಕಡೆ ನಮ್ಮ ಕೆಲಸ ಇನ್ನೊಬ್ಬರ ಕೈಗಾಗಿ ಕಾಯುತ್ತದೆ. ಹಾಗೆಂದು ಎರಡೂ ಒಂದೇ ಅಲ್ಲ. ಎಲ್ಲಿ ವ್ಯತ್ಯಾಸ ಎಂಬುದನ್ನೇ ಇಂದು ಹುಡುಕಬೇಕಾಗಿದೆ.

ಇದು ಬರೀ ಮಾತಿನ ಪ್ರಶ್ನೆ ಅಲ್ಲ ಎಂದು ತೋರಿಸಲು ಒಂದು ಮನೆಯ ಸಂಗತಿ ಹೇಳುತ್ತೇನೆ. ನಮ್ಮ ಬಳಗದಲ್ಲಿ ಕಂಪ್ಯೂಟರ್ ಬಗ್ಗೆ ಸ್ವಲ್ಪ ತಿಳಿದವಳು ಎಂದು ಇಂಥ ಕೆಲಸಕ್ಕೆ ನನ್ನನ್ನು ಕರೆಯುವುದುಂಟು. ಕಾವೂರು ಕಡೆಯ ಆ ಮನೆಯಲ್ಲಿ ತಂದೆಗೆ ಪೈಂಟಿಂಗ್ ಕೆಲಸ, ತಾಯಿಗೆ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ. ಮಗಳು ದ್ವಿತೀಯ ಪಿಯುಸಿ, ಮಗ ಎಂಟನೇ ಕ್ಲಾಸು. ಕಂಪ್ಯೂಟರ್ ಇದ್ದದ್ದು ಮಗ ಮಲಗುವ ಕೋಣೆಯಲ್ಲಿ.

ತಂದೆ ಹೇಳಿದರು, “ಅಕ್ಕ, ಹುಡುಗನಿಗೆ ಎಂತ ಬೇಡ. ಅವ ಗಂಡು, ಹೇಗೂ ಆಗ್ತದೆ. ಇವಳದ್ದಕ್ಕೆ ಮಾತ್ರ ಒಂದು ಗಟ್ಟಿ ಲಾಕ್ ಹಾಕಿ ಕೊಡಿ.”

ಮಗಳು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದಳು. “ಅಪ್ಪ, ಪಾಸ್‌ವರ್ಡ್ ತಮ್ಮನಿಗೆ ಗೊತ್ತುಂಟು. ನನಗೆ ಗೊತ್ತಾದ್ರೆ ಎಂತ ಆಗ್ತದೆ? ಸ್ಕಾಲರ್‌ಶಿಪ್ ಅರ್ಜಿ ಹಾಕ್ಲಿಕ್ಕೂ ಅವನನ್ನು ಕರೀಬೇಕಾ?”

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಹೇಳಿದ ಮಾತನ್ನು ಹಗುರವಾಗಿ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ. “ನಾಳೆ ಯಾರಾದ್ರೂ ಇವಳ ಫೋಟೋ ಹಿಡಿದು ಎಂತಾದ್ರೂ ಮಾಡಿದ್ರೆ, ಸ್ಟೇಷನ್‌ನಲ್ಲಿ ನಮ್ಮಂಥವರ ಮಾತು ಯಾರು ಕೇಳ್ತಾರೆ ಅಕ್ಕ?”

ಆ ಭಯ ಸುಳ್ಳಲ್ಲ. ಬೇರೆಯವರ ಮನೆಯ ಹುಡುಗಿಗೆ ತೊಂದರೆ ಆದರೆ ಓಡಿ ಬರುವವರು ಇರುತ್ತಾರೆ. ನಮ್ಮ ಹುಡುಗಿಗೆ ಆದರೆ ಮೊದಲು ಅವಳ ನಡತೆಯ ವಿಚಾರಣೆ ಶುರುವಾಗುತ್ತದೆ. ಇದನ್ನು ಕಂಡು ಉಂಡ ತಂದೆಗೆ ‘ಭಯ ಬಿಡಿ’ ಎಂದು ಉಪದೇಶ ಮಾಡುವುದು ಸುಲಭ. ಆದರೆ ಆ ಭಯಕ್ಕೆ ಅವರು ಕಂಡುಕೊಂಡ ಪರಿಹಾರ ಏನು? ತೊಂದರೆ ಕೊಡುವವನು ಹೊರಗೆಲ್ಲೋ ಇದ್ದಾನೆ, ಬೀಗ ಬಿದ್ದದ್ದು ಮಗಳಿಗೆ. ಹದಿಮೂರು ವರ್ಷದ ಹುಡುಗನಿಗೆ ಅವನು ಗಂಡು ಎಂಬ ಕಾರಣಕ್ಕೆ ಇಡೀ ಯಂತ್ರದ ಯಜಮಾನಿಕೆ ಸಿಕ್ಕಿತು. ಅವನಿಗಿಂತ ನಾಲ್ಕು ವರ್ಷ ಹೆಚ್ಚು ಓದಿದವಳು ಹೆಣ್ಣು ಎಂಬ ಕಾರಣಕ್ಕೆ ಅವನ ಅನುಮತಿಗೆ ಕಾಯುವಂತಾಯಿತು. ಹುಟ್ಟಿನ ಮೇಲೆ ಅನುಮತಿ ಹಂಚುವುದು ಎಂದರೆ ಇದೇ. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೋ ಇತ್ತು. ಆದರೆ ಅದರ ಕೆಳಗಿನ ಯಂತ್ರದಲ್ಲಿ ಮನುವಿನ ಪಟ್ಟಿ ನಡೆಯುತ್ತಿತ್ತು.

ಹಾಗಾದರೆ ಮಕ್ಕಳಿಗೆ ನಿರ್ಬಂಧವೇ ಬೇಡವೇ? ಬೇಕು. ಇದರಲ್ಲಿ ಧಮ್ಮದ ಮಾತು ಸ್ಪಷ್ಟ. ದೀಘ ನಿಕಾಯದ ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ತಂದೆ ತಾಯಿಯ ಐದು ಕರ್ತವ್ಯ ಹೇಳುತ್ತಾರೆ. ಕೆಟ್ಟದ್ದರಿಂದ ಮಕ್ಕಳನ್ನು ತಡೆಯುವುದೇ ಅದರಲ್ಲಿ ಮೊದಲನೆಯದು. ಆಮೇಲೆ ಒಳ್ಳೆಯದರಲ್ಲಿ ತೊಡಗಿಸುವುದು, ಉದ್ಯೋಗ ಕಲಿಸುವುದು, ತಕ್ಕ ಸಂಗಾತಿಯೊಡನೆ ಮದುವೆ ಮಾಡಿಸುವುದು. ಕೊನೆಯದು, ಸರಿಯಾದ ಸಮಯಕ್ಕೆ ಆಸ್ತಿಯನ್ನು ಮಕ್ಕಳ ಕೈಗೆ ಒಪ್ಪಿಸುವುದು.

ತಡೆಯುವುದರಿಂದ ಶುರುವಾದ ಪಟ್ಟಿ ಒಪ್ಪಿಸುವುದರಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಅನೇಕರು ಮೊದಲನೆಯದನ್ನು ಚೆನ್ನಾಗಿ ಮಾಡುತ್ತೇವೆ, ಕೊನೆಯದನ್ನು ಮರೆಯುತ್ತೇವೆ. ಧಮ್ಮದ ನಿರ್ಬಂಧಕ್ಕೆ ಒಂದು ಕೊನೆ ಇರುತ್ತದೆ. ಮಗು ಬೆಳೆದಂತೆ ಅದು ಸಡಿಲವಾಗಬೇಕು, ಒಂದು ದಿನ ಪಾಸ್‌ವರ್ಡ್ ಅವರ ಕೈಗೆ ಹೋಗಬೇಕು. ಜಾತಿಯ ನಿರ್ಬಂಧಕ್ಕೆ ಕೊನೆಯ ದಿನ ಎಂಬುದೇ ಇರಲಿಲ್ಲ. ಅಜ್ಜನಿಗೆ ಇದ್ದದ್ದು ಮೊಮ್ಮಗನಿಗೂ ಇತ್ತು. ಇಲ್ಲಿ ನಮ್ಮೂರಿನ ಕುದ್ಮುಲ್ ರಂಗರಾಯರನ್ನು ನೆನೆಯಬೇಕು. ಮೇಲ್ಜಾತಿಯಲ್ಲಿ ಹುಟ್ಟಿದ ಅವರು ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು, ಅದಕ್ಕಾಗಿ ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದರು. ತನ್ನ ಶಾಲೆಯಲ್ಲಿ ಓದಿದವರು ದೊಡ್ಡ ಹುದ್ದೆಗೇರಿ ಇದೇ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಅದರ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು ಎಂದು ಮಂಗಳೂರಿನ ಜನ ಇವತ್ತಿಗೂ ಹೇಳುತ್ತಾರೆ. ಕಲಿತವರು ತನ್ನನ್ನು ದಾಟಿ ಮುಂದೆ ಹೋಗಲಿ ಎಂದು ಬಯಸುವವನ ಕೈಯಲ್ಲಿ ಅಧಿಕಾರ ಸ್ವಲ್ಪ ಕಾಲ ಇದ್ದರೆ ಅಪಾಯವಿಲ್ಲ.

ಇನ್ನು ಕಾರಣದ ವಿಷಯ. ಬುದ್ಧರು ಮಗ ರಾಹುಲನಿಗೆ ಬೋಧಿಸಿದ್ದು ಮಜ್ಝಿಮ ನಿಕಾಯದಲ್ಲಿ ಉಂಟು. ಸುಳ್ಳು ಹೇಳಬೇಡ ಎಂದು ಆಜ್ಞೆ ಮಾಡಿ ಅವರು ಎದ್ದು ಹೋಗಲಿಲ್ಲ. ಪಾತ್ರೆಯಲ್ಲಿ ಉಳಿದ ನೀರು ತೋರಿಸಿ, ಅದನ್ನು ಚೆಲ್ಲಿ, ಪಾತ್ರೆ ಮಗುಚಿ ಹಾಕಿ ವಿವರಿಸಿದರು. ಆಮೇಲೆ ಕನ್ನಡಿಯ ಉದಾಹರಣೆ ಕೊಟ್ಟರು. ಒಂದು ಕೆಲಸ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಇದರಿಂದ ನನಗೆ ಅಥವಾ ಬೇರೆಯವರಿಗೆ ನೋವಾಗುತ್ತದೆಯೇ ಎಂದು ನೀನೇ ನೋಡಿಕೋ ಎಂದರು. ಬೀಗದ ಕೀಲಿಯನ್ನು ಮಗುವಿನ ಒಳಗೇ ಇಡುವ ಬೋಧನೆ ಇದು. ಕಾರಣ ಹೇಳದೆ ಹಾಕಿದ ಟೈಮ್ ಲಿಮಿಟ್ ಆ ಯಂತ್ರದಲ್ಲಿ ಮಾತ್ರ ನಡೆಯುತ್ತದೆ. ಪಕ್ಕದ ಮನೆಯ ಮೊಬೈಲಿನಲ್ಲಿ ಅದು ನಡೆಯುವುದಿಲ್ಲ. ಕಾರಣ ತಿಳಿದ ಮಗು ಎಲ್ಲಿ ಹೋದರೂ ಅದನ್ನು ಜೊತೆಗೆ ಒಯ್ಯುತ್ತದೆ.

ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ನಿಯಮ ಮತ್ತು ತತ್ವ ಬೇರೆ ಬೇರೆ ಎಂದು ತೋರಿಸಿದ್ದು ಇದಕ್ಕೇ. ನಿಯಮ ಹೀಗೆ ಮಾಡು ಎಂದು ಹೇಳಿ ಮುಗಿಸುತ್ತದೆ. ತತ್ವ ನಾವು ತೂಗಿ ನೋಡಲು ಒಂದು ಅಳತೆ ಕೊಡುತ್ತದೆ. ತತ್ವ ಹಿಡಿದು ಮಾಡಿದ ಕೆಲಸ ತಪ್ಪಾದರೂ ಆಗಬಹುದು, ಆದರೆ ಅದಕ್ಕೆ ಮಾಡಿದವನು ಹೊಣೆ ಹೊರುತ್ತಾನೆ. ಬರೀ ವಿಧಿ ನಿಷೇಧಗಳ ರಾಶಿಯನ್ನು ಧರ್ಮ ಎಂದು ಒಪ್ಪಲು ಅವರು ತಯಾರಿರಲಿಲ್ಲ. ಹಾಗಿರುವಾಗ ನಮ್ಮ ಮಕ್ಕಳ ಪಾಲಿಗೆ ಮನೆ ಎಂಬುದು ಬರೀ ವಿಧಿ ನಿಷೇಧಗಳ ರಾಶಿ ಆಗಬಾರದು.

ನಾವು ಪಂಚಶೀಲ ತೆಗೆದುಕೊಳ್ಳುವ ರೀತಿಯನ್ನೂ ನೋಡಿ. ‘ಕೊಲ್ಲಬೇಡ’ ಎಂದು ಮೇಲಿನಿಂದ ಯಾರೂ ಅಪ್ಪಣೆ ಕೊಡುವುದಿಲ್ಲ. ಈ ಶಿಕ್ಷಣದ ನಿಯಮವನ್ನು ನಾನು ಸ್ವೀಕರಿಸುತ್ತೇನೆ ಎಂದು ನಮ್ಮ ಬಾಯಿಂದ ನಾವೇ ಹೇಳುತ್ತೇವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಬಾಬಾಸಾಹೇಬರ ಹಿಂದೆ 22 ಪ್ರತಿಜ್ಞೆ ಹೇಳಿದ್ದೂ ಹಾಗೆಯೇ. ಎಷ್ಟೋ ಸಾವಿರ ವರ್ಷ ಬೇರೆಯವರು ಹೇರಿದ ನಿರ್ಬಂಧ ಹೊತ್ತವರು ಆ ದಿನ ಮೊದಲ ಬಾರಿಗೆ ತಾವೇ ಆರಿಸಿದ ನಿರ್ಬಂಧವನ್ನು ಸ್ವೀಕರಿಸಿದರು. ತಾನು ಒಪ್ಪಿ ತೆಗೆದುಕೊಂಡದ್ದು ಶೀಲ. ಮಕ್ಕಳ ಮೇಲಿನ ಪ್ರತಿಯೊಂದು ನಿರ್ಬಂಧವೂ ನಿಧಾನವಾಗಿ ಶೀಲದ ಕಡೆ ಸಾಗಬೇಕು.

ಇನ್ನೊಂದು ಪರೀಕ್ಷೆ ಉಂಟು: ನಿರ್ಬಂಧ ಹಾಕಿದವನನ್ನು ಪ್ರಶ್ನಿಸಬಹುದೇ? ಮಳೆಗಾಲದ ವರ್ಷಾವಾಸ ಮುಗಿದಾಗ ಭಿಕ್ಖುಗಳು ಪವಾರಣೆ ಮಾಡುತ್ತಾರೆ. ನನ್ನಲ್ಲಿ ಏನಾದರೂ ದೋಷ ಕಂಡಿದ್ದರೆ, ಕೇಳಿದ್ದರೆ, ಸಂಶಯ ಬಂದಿದ್ದರೆ ಹೇಳಿ ಎಂದು ಪ್ರತಿಯೊಬ್ಬರೂ ಸಂಘವನ್ನು ಕೇಳಿಕೊಳ್ಳುತ್ತಾರೆ. ಸಂಯುತ್ತ ನಿಕಾಯದಲ್ಲಿ ಸ್ವತಃ ಬುದ್ಧರೇ ಐನೂರು ಭಿಕ್ಖುಗಳ ಮುಂದೆ ತಮ್ಮ ನಡೆ ನುಡಿಯಲ್ಲಿ ತಪ್ಪು ಇದ್ದರೆ ಹೇಳಿ ಎಂದು ಕೇಳುತ್ತಾರೆ. ವಿನಯ ಮಾಡಿದವರೇ ಹೀಗೆ ಕೇಳಿದ ಮೇಲೆ, ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡುತ್ತಾ ಮಕ್ಕಳಿಗೆ ಒಂಬತ್ತಕ್ಕೆ ಕಂಪ್ಯೂಟರ್ ಬಂದ್ ಮಾಡುವ ತಂದೆ ತಾಯಿಗೆ ವಿನಾಯಿತಿ ಎಲ್ಲಿಂದ ಬರುತ್ತದೆ?

ಆ ವಿನಯವನ್ನು ಕಾಪಾಡಿದವರು ಯಾರು ಎಂಬುದನ್ನೂ ಮರೆಯಬಾರದು. ಉಪಾಲಿ ಶಾಕ್ಯರ ಮನೆಯ ಕ್ಷೌರಿಕ. ಶಾಕ್ಯ ರಾಜಕುಮಾರರು ಅವನ ಜೊತೆ ಸಂಘ ಸೇರಲು ಬಂದಾಗ, ತಮ್ಮ ಅಹಂಕಾರ ಇಳಿಯಲಿ ಎಂದು ಅವನಿಗೇ ಮೊದಲು ದೀಕ್ಷೆ ಕೊಡಿಸಿದರು. ಆಮೇಲೆ ಅವನಿಗೆ ಅವರೇ ವಂದಿಸಬೇಕಾಯಿತು. ಬುದ್ಧರ ಪರಿನಿಬ್ಬಾಣದ ನಂತರ ರಾಜಗೃಹದ ಮೊದಲ ಸಂಗೀತಿಯಲ್ಲಿ ಇಡೀ ವಿನಯವನ್ನು ಹೇಳಿದವರು ಅದೇ ಉಪಾಲಿ. ಸಂಘದ ನಿಯಮಗಳ ಕೀಲಿಕೈ ಒಬ್ಬ ಕ್ಷೌರಿಕನ ಕೈಗೆ ಹೋದದ್ದು ಅವನ ಯೋಗ್ಯತೆಯಿಂದ. ಯೋಗ್ಯತೆ ನೋಡಿದರೆ ಆ ಮನೆಯಲ್ಲಿ ಪಾಸ್‌ವರ್ಡ್ ಯಾರಿಗೆ ಸಿಗಬೇಕಿತ್ತು?

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಪರಂಪರೆಯ ಕಥೆ ಇಷ್ಟು ಸಲೀಸಾಗಿಲ್ಲ ಎಂಬುದನ್ನೂ ಹೇಳಬೇಕು. ಮಹಾಪಜಾಪತಿ ಗೋತಮಿ ಮೂರು ಬಾರಿ ಕೇಳಿದರೂ ಪ್ರವ್ರಜ್ಯೆ ಸಿಗಲಿಲ್ಲ ಎಂದು ವಿನಯದ ಚುಲ್ಲವಗ್ಗ ಹೇಳುತ್ತದೆ. ಆಗ ಆನಂದರು ಬೇರೆ ರೀತಿಯಲ್ಲಿ ಕೇಳಿದರು: ಹೆಂಗಸರು ಮನೆ ಬಿಟ್ಟು ಸಾಧನೆ ಮಾಡಿದರೆ ಅರಹಂತ ಫಲದವರೆಗೆ ತಲುಪಬಲ್ಲರೇ? ತಲುಪಬಲ್ಲರು ಎಂಬ ಉತ್ತರ ಬಂತು. ಅಲ್ಲಿಂದ ಬಾಗಿಲು ತೆರೆಯಿತು. ಆದರೆ ಎಂಟು ಗುರುಧಮ್ಮಗಳ ಷರತ್ತೂ ಜೊತೆಗೆ ಬಂತು. ನೂರು ವರ್ಷದ ಹಿರಿಯ ಭಿಕ್ಖುಣಿಯೂ ಅಂದೇ ದೀಕ್ಷೆ ಪಡೆದ ಭಿಕ್ಖುವಿಗೆ ವಂದಿಸಬೇಕು ಎಂಬುದು ಅವುಗಳಲ್ಲಿ ಒಂದು. ಇವು ಬುದ್ಧರ ಮಾತೇ, ನಂತರ ಸೇರಿದ್ದೇ ಎಂದು ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ನಾನು ಅದರಿಂದ ತೆಗೆದುಕೊಳ್ಳುವುದು ಆನಂದರ ಪ್ರಶ್ನೆಯನ್ನು. ಅವರು ‘ಹೆಣ್ಣು ಹೌದೋ ಅಲ್ಲವೋ’ ಎಂದು ಕೇಳಲಿಲ್ಲ, ‘ಆಗುತ್ತದೆಯೋ ಇಲ್ಲವೋ’ ಎಂದು ಕೇಳಿದರು. ನಮ್ಮ ಮನೆಯ ಖಾತೆಗಳಿಗೂ ಆ ಪ್ರಶ್ನೆ ಸಾಕು.

ಕಾಗದದ ಮೇಲೆ ಅನುಮತಿ ಕೊಟ್ಟರೆ ಮುಗಿಯಿತೇ ಎಂಬುದು ಇನ್ನೊಂದು ಪ್ರಶ್ನೆ. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕು ಎಂದು ಬಾಂಬೆ ವಿಧಾನ ಪರಿಷತ್ತು 1923ರಲ್ಲಿ ನಿರ್ಣಯ ಮಾಡಿತು. ಮಹಾಡದ ಪುರಸಭೆ 1924ರಲ್ಲಿ ಅದನ್ನು ಒಪ್ಪಿತು. ಆದರೆ ಚವದಾರ ಕೆರೆಯ ನೀರನ್ನು ನಮ್ಮವರು ಮುಟ್ಟಿದ್ದು 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋದಾಗ. ಅದಕ್ಕೆ ಪೆಟ್ಟು ತಿನ್ನಬೇಕಾಯಿತು. ಹೈಕೋರ್ಟಿನ ತೀರ್ಪು ಬಂದಾಗ 1937 ಆಗಿತ್ತು. ಇಲ್ಲಿ ನಮ್ಮ ಕರಾವಳಿಯಲ್ಲೂ ಅಷ್ಟೇ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲೇ ಕೊನೆಗೊಳಿಸಿತ್ತು. ಆದರೂ ಕೊರಗ ಬಂಧುಗಳ ಮೇಲಿನ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕರ್ನಾಟಕ ಇನ್ನೊಂದು ಕಾಯ್ದೆಯನ್ನೇ ತರಬೇಕಾಯಿತು. ಅನುಮತಿ ಬೇರೆ, ನೀರಿನ ತನಕ ಕೈ ತಲುಪುವುದು ಬೇರೆ. ಮಗಳಿಗೆ ಖಾತೆ ಮಾಡಿಕೊಟ್ಟು ಕಂಪ್ಯೂಟರನ್ನು ತಮ್ಮನ ಕೋಣೆಯಲ್ಲೇ ಇಟ್ಟರೆ ಅದು 1924ರ ಮಹಾಡ. ಸಂಜೆ ತಮ್ಮ ಆಟ ಆಡುವಾಗ ಅಕ್ಕ ಅಡುಗೆ ಕೋಣೆಯಲ್ಲಿ ಇರಬೇಕಾದರೂ ಅಷ್ಟೇ.

ಅಡ್ಮಿನ್ ಆದವನು ಬೇರೆಯವರ ಫೋಲ್ಡರ್ ತೆರೆದು ನೋಡಬಹುದು. ಯಂತ್ರ ಅವನನ್ನು ತಡೆಯುವುದಿಲ್ಲ. ನೋಡಬಹುದು ಎಂಬ ಕಾರಣಕ್ಕೆ ನೋಡಬೇಕೇ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರಕ್ಕೂ ಮಿತಿ ಹಾಕುವ ಹಕ್ಕು ಅದು. ಚಿಕ್ಕ ಮಗುವಿನ ವಿಷಯದಲ್ಲಿ ತಂದೆ ತಾಯಿ ಕಣ್ಣಿಡಬೇಕು, ನಿಜ. ಕಣ್ಣಿಟ್ಟಿದ್ದೇವೆ ಎಂದು ಮಗುವಿಗೆ ಹೇಳಿಯೇ ಇಡಬೇಕು. ಕದ್ದು ನೋಡಿದರೆ ಮಗು ಕಲಿಯುವುದು ಅಡಗಿಸುವುದನ್ನು. ನಾಳೆ ಯಾರೋ ಫೋಟೋ ಹಿಡಿದು ಹೆದರಿಸಿದಾಗ ಆ ಮಗು ಮೊದಲು ಅಡಗಿಸುವುದು ಅಪ್ಪ ಅಮ್ಮನಿಂದಲೇ. ಆ ತಂದೆಯ ಭಯಕ್ಕೆ ನಾನು ಕೊಟ್ಟ ಉತ್ತರ ಇದೇ. ಗಟ್ಟಿ ಲಾಕ್‌ಗಿಂತ, ‘ಏನಾದರೂ ಆದರೆ ಮೊದಲು ಅಪ್ಪನಿಗೆ ಹೇಳಬಹುದು, ಬೈಯುವುದಿಲ್ಲ’ ಎಂಬ ಧೈರ್ಯ ಮಗಳನ್ನು ಹೆಚ್ಚು ಕಾಯುತ್ತದೆ. ಹೆಣ್ಣುಮಕ್ಕಳಿಗೆ ಆನ್‌ಲೈನ್‌ನಲ್ಲಿ ತೊಂದರೆ ಆದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಹಣದ ವಂಚನೆ ಆದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಇದನ್ನು ಮನೆಯ ಎಲ್ಲರೂ ತಿಳಿದಿರಬೇಕು.

ಆ ದಿನ ಏನು ಮಾಡಿದೆವು ಎಂದು ಚುಟುಕಾಗಿ ಹೇಳುತ್ತೇನೆ, ಬೇರೆ ಮನೆಗಳಿಗೂ ಉಪಯೋಗ ಆಗಬಹುದು. ‘ಮನೆ’ ಎಂಬ ಹೆಸರಿನಲ್ಲಿ ಒಂದೇ ಅಡ್ಮಿನ್ ಖಾತೆ ಮಾಡಿ ಪಾಸ್‌ವರ್ಡ್ ಇಟ್ಟೆವು. ದಿನದ ಬಳಕೆಗೆ ತಂದೆಗೂ ಸ್ಟ್ಯಾಂಡರ್ಡ್ ಖಾತೆ. ಸಮಯದ ಮಿತಿ ಇಬ್ಬರು ಮಕ್ಕಳಿಗೂ, ಆದರೆ ವಯಸ್ಸಿಗೆ ತಕ್ಕಂತೆ. ಹುಡುಗನಿಗೆ ಸಂಜೆ ಒಂದೂವರೆ ಗಂಟೆ, ಹುಡುಗಿಗೆ ಓದಿನ ಹೊತ್ತಿಗೆಲ್ಲ. ಅವಳಿಗೆ ಹದಿನೆಂಟು ತುಂಬಿದ ದಿನ ಮಿತಿ ತೆಗೆದು ಅಡ್ಮಿನ್ ಪಾಸ್‌ವರ್ಡ್ ಅವಳಿಗೂ ಕೊಡಬೇಕು, ತಮ್ಮನಿಗೂ ಅದೇ ವಯಸ್ಸಿಗೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಕಾರಣದ ಜೊತೆ ಬರೆದು ಗೋಡೆಗೆ ಅಂಟಿಸಿದೆವು. ಪ್ರತಿ ವರ್ಷ ಬುದ್ಧ ಪೂರ್ಣಿಮೆಗೆ ಎಲ್ಲರೂ ಕೂತು ಹಾಳೆಯನ್ನು ಮತ್ತೆ ನೋಡಬೇಕು ಎಂದೂ ಬರೆದೆವು. ವಿಂಡೋಸ್ 7ಕ್ಕೆ ಕಂಪನಿಯ ಸುರಕ್ಷತಾ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ. ಹಾಗಾಗಿ ಆ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಯಾರೂ ಮಾಡಬಾರದು ಎಂಬ ನಿರ್ಬಂಧವೂ ಸೇರಿತು, ತಂದೆಗೂ ಸೇರಿ.

ಎಲ್ಲ ಮುಗಿಯಿತು ಎನ್ನುವಾಗ ಗೇರುಬೀಜದ ಫ್ಯಾಕ್ಟರಿಯಿಂದ ಬಂದು ಚಾ ಮಾಡುತ್ತಿದ್ದ ತಾಯಿ ಕೇಳಿದರು, “ಅಕ್ಕ, ಅದರಲ್ಲಿ ನನಗೂ ಒಂದು ಉಂಟಾ?” ಆ ಹೊತ್ತಿನವರೆಗೆ ಅವರ ಹೆಸರನ್ನು ಗಂಡನಾಗಲಿ ಮಕ್ಕಳಾಗಲಿ ಎತ್ತಿರಲಿಲ್ಲ. ಅವರ ಹೆಸರಿನಲ್ಲಿ ಒಂದು ಖಾತೆ ಮಾಡಿದೆವು, ಅಡ್ಮಿನ್ ಪಾಸ್‌ವರ್ಡ್ ತಂದೆಗೂ ತಾಯಿಗೂ ಇಬ್ಬರಿಗೂ ಗೊತ್ತಿರುವಂತೆ ಮಾಡಿದೆವು. ತಂದೆ ಒಪ್ಪಿದರು. ಕಂಪ್ಯೂಟರನ್ನು ಚಾವಡಿಗೆ ತರುವ ಮಾತಿಗೆ ಮಾತ್ರ “ನೋಡುವ” ಎಂದರು. ಅದು ಇನ್ನೂ ಬಂದಿಲ್ಲ. ಒಂದೇ ದಿನದಲ್ಲಿ ಎಲ್ಲ ಬದಲಾಗುವುದಿಲ್ಲ, ಆದರೆ ಕೇಳುವುದನ್ನು ನಾನು ಬಿಡುವುದಿಲ್ಲ.

ಬಂಧುಗಳೇ, ಕಂಪ್ಯೂಟರ್ ಇಲ್ಲದ ಮನೆಯವರೂ ಈ ಚಿಂತನೆಯನ್ನು ಬದಿಗೆ ಇಡಬೇಡಿ. ವಾಟ್ಸ್ಯಾಪ್ ಗ್ರೂಪಿನಲ್ಲೂ ಅಡ್ಮಿನ್ ಇದ್ದಾರೆ. ಅಡ್ಮಿನ್‌ಗಳು ಮಾತ್ರ ಬರೆಯಬಹುದು ಎಂಬ ಸೆಟ್ಟಿಂಗ್ ಉಂಟು. ಗುಡ್ ಮಾರ್ನಿಂಗ್ ಚಿತ್ರಗಳ ರಾಶಿ ತಪ್ಪಿಸಲು ಅದು ಬೇಕಾದೀತು. ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲು ಬಳಸಿದರೆ ಅದು ಬೇರೆಯೇ ಆಗುತ್ತದೆ. ನಮ್ಮ ಬಳಗಗಳ, ವಿಹಾರಗಳ, ಸಂಘಗಳ ಕೀಲಿಕೈ ಯಾರ ಕೈಯಲ್ಲಿದೆ? ಎಷ್ಟು ವರ್ಷದಿಂದ ಇದೆ? ಅದರಲ್ಲಿ ಹೆಂಗಸರು ಎಷ್ಟು ಮಂದಿ? ವರ್ಷಕ್ಕೊಮ್ಮೆಯಾದರೂ ಪವಾರಣೆಯಂತೆ ‘ನಮ್ಮಲ್ಲಿ ತಪ್ಪು ಕಂಡಿದ್ದರೆ ಹೇಳಿ’ ಎಂದು ಪದಾಧಿಕಾರಿಗಳು ಕೇಳಿದ್ದಾರೆಯೇ?

ಇಂದಿನ ಅಭ್ಯಾಸ ಇಷ್ಟು. ಮನೆಯಲ್ಲಿ ನೀವು ಹಾಕಿರುವ ಒಂದು ನಿರ್ಬಂಧವನ್ನು ಆರಿಸಿಕೊಳ್ಳಿ. ಕಂಪ್ಯೂಟರಿನದ್ದು, ಮೊಬೈಲಿನದ್ದು, ಸಂಜೆ ಮನೆಗೆ ಬರುವ ಹೊತ್ತಿನದ್ದು, ಯಾವುದಾದರೂ ಆಗಲಿ. ಅದು ಕೆಲಸ, ವಯಸ್ಸು ನೋಡಿ ಹಾಕಿದ್ದೋ, ಹುಟ್ಟು ನೋಡಿ ಹಾಕಿದ್ದೋ? ಅದರ ಕಾರಣವನ್ನು ಎದುರು ಕೂತು ಹೇಳಲು ಆಗುತ್ತದೆಯೇ? ಅದು ಮುಗಿಯುವ ದಿನ ಯಾವುದು? ನಾನು ಅದನ್ನು ಪಾಲಿಸುತ್ತೇನೆಯೇ, ನನ್ನನ್ನು ಯಾರಾದರೂ ಕೇಳಬಹುದೇ? ನಾಲ್ಕಕ್ಕೂ ಉತ್ತರ ಸಿಕ್ಕಿದರೆ ಆ ನಿರ್ಬಂಧ ಇರಲಿ. ಸಿಗದಿದ್ದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ, ಅದು ಯಾರ ಮೇಲೆ ಬಿದ್ದಿದೆಯೋ ಅವರ ಹತ್ತಿರ ಆ ಮಾತು ಎತ್ತಿ.

ನಮೋ ಬುದ್ಧಾಯ. ಜೈ ಭೀಮ್.